ನೀಲಿ ಬಾಣವೂ ತೋಟದ ಗೇಟೂ: ಸೈಕಲ್ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ಗ್ರಾವೆಲ್ ಸೈಕಲ್, ಅಂದರೆ ಮಣ್ಣುದಾರಿಗೆ ಒಗ್ಗುವ ಸೈಕಲ್, ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು, ಮತ್ತು ಅವುಗಳಲ್ಲಿ ಹಲವು ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದ ಸುತ್ತಲೇ ತಿರುಗುತ್ತವೆ. ಹಿಂದೊಮ್ಮೆ ಎಂಟು ತಿಂಗಳು ಆ ಊರಿನಲ್ಲಿದ್ದು ಸುತ್ತಲಿನ ಮಣ್ಣುದಾರಿಗಳಲ್ಲಿ ಸೈಕಲ್ ತುಳಿದಿದ್ದೆ ಎಂದು ನಾನು ಅಲ್ಲಿ ಪ್ರಸ್ತಾಪಿಸಿದ್ದೇ ಇದಕ್ಕೆ ಕಾರಣವಿರಬೇಕು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗ ವಿಂಚೆಸ್ಟರಿನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಬಂತೆಂದರೆ ಗ್ರಾವೆಲ್ ಸೈಕಲ್ ಹತ್ತಿ ಯಾರದೋ ಹೊಲದ ನಡುವೆ, ಯಾರದೋ ಗೇಟು ತೆಗೆದು ಹೋಗುತ್ತಾನೆ. ವಿಡಿಯೋ ಕಾಲ್ ಮಾಡಿ ನಮಗೂ ತೋರಿಸುತ್ತಾನೆ. ನಮ್ಮಲ್ಲಿ ಹೇಳದೆ ಕೇಳದೆ ಇನ್ನೊಬ್ಬರ ತೋಟಕ್ಕೆ ನುಗ್ಗಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಪರದೇಶದಲ್ಲಿ ಹೀಗೆ ಮಾಡುವುದು ಸರಿಯೆ?
ನಿವೃತ್ತ ಶಿಕ್ಷಕರು, ವಿರಾಜಪೇಟೆ

ಉತ್ತರ: ಮೇಷ್ಟ್ರೇ, ನಿಮ್ಮ ಮಗ ನುಗ್ಗುತ್ತಿಲ್ಲವೆಂದೇ ನನ್ನ ನಂಬಿಕೆ; ಆದರೆ ನೀವು ಕೇಳಿದ್ದರಲ್ಲಿ ತಪ್ಪಿಲ್ಲ, ಏಕೆಂದರೆ ಒಂದೇ ಹೊಲದಲ್ಲಿ ಹಾಯುವ ಎರಡು ದಾರಿಗಳಲ್ಲಿ ಒಂದರ ಮೇಲೆ ಅವನಿಗೆ ಹಕ್ಕಿದ್ದು ಇನ್ನೊಂದರ ಮೇಲೆ ಇಲ್ಲದಿರಬಹುದು. ಇಂಗ್ಲೆಂಡಿನಲ್ಲಿ ಜಮೀನು ಖಾಸಗಿಯದಾದರೂ ಅದರ ಮೇಲೆ ಹಿಂದಿನಿಂದ ಹಾದುಬಂದ ಎಷ್ಟೋ ದಾರಿಗಳಲ್ಲಿ ಸಾರ್ವಜನಿಕರ ಸಂಚಾರದ ಹಕ್ಕು ಉಳಿದುಕೊಂಡಿದೆ. ಇಂಥ ದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕ್ಷೆ ಮಾಡಿಡಬೇಕೆಂದು 1949ರ ಕಾಯ್ದೆಯೊಂದು ಕೌಂಟಿಗಳಿಗೆ, ಅಂದರೆ ಸುಮಾರಾಗಿ ನಮ್ಮ ಜಿಲ್ಲೆಗಳಂಥವಕ್ಕೆ, ವಿಧಿಸಿತು. ಆ ನಕ್ಷೆಯಲ್ಲಿ ಗೆರೆ ಬಿದ್ದ ದಾರಿಯನ್ನು ಜಮೀನಿನ ಒಡೆಯ ತನ್ನಿಷ್ಟಕ್ಕೆ ಮುಚ್ಚುವಂತಿಲ್ಲ. ಹೊಲದ ನಡುವೆ ಹಾಯುವ ದಾರಿಯನ್ನು ಬಿತ್ತನೆಗೆಂದು ಉತ್ತರೂ ಮೊದಲ ಉಳುಮೆಯಾದ 14 ದಿನದೊಳಗೆ ಮತ್ತೆ ಸಮಮಾಡಿ, ಗುರುತು ಕಾಣುವಂತೆ ಬಿಡಬೇಕೆಂದು 1990ರ ಇನ್ನೊಂದು ಕಾಯ್ದೆ ಹೇಳುತ್ತದೆ. ಬೆಳೆದು ನಿಂತ ಗೋಧಿಯ ನಟ್ಟನಡುವೆ ಎರಡು ಮೀಟರ್ ಅಗಲದ ಓಣಿಯೊಂದು ನೆಟ್ಟಗೆ ಹೋಗಿರುವುದನ್ನು ಮೊದಲ ಸಲ ಕಂಡಾಗ, ಗದ್ದೆಯ ಏರಿಯ ಮೇಲೆ ಸೈಕಲ್ ಹತ್ತಿಸಿದ್ದಕ್ಕೆ ಬಾಲ್ಯದಲ್ಲಿ ಏಟು ತಿಂದಿದ್ದ ನನಗೆ ಅದರೊಳಗೆ ಹೋಗುವುದಕ್ಕೇ ಧೈರ್ಯ ಬರಲಿಲ್ಲ.

ಆದರೆ ಹಕ್ಕು ಎಲ್ಲರಿಗೂ ಒಂದೇ ಅಲ್ಲ, ಮತ್ತು ನಮ್ಮ ಹುಡುಗರು ಎಡವುವುದು ಇಲ್ಲಿಯೇ. ದಾರಿ ಕವಲೊಡೆಯುವಲ್ಲಿ ಮರದ ಕಂಬಕ್ಕೆ ಅಂಗೈಯಗಲದ ಬಿಲ್ಲೆಯೊಂದನ್ನು ಹೊಡೆದಿರುತ್ತಾರೆ. ಅದರ ಮೇಲಿನ ಬಾಣದ ಬಣ್ಣವೇ ಕಾನೂನು. ಹಳದಿ ಬಾಣವಿದ್ದರೆ ಅದು ಫುಟ್‌ಪಾತ್, ನಡೆಯುವವರಿಗೆ ಮಾತ್ರ. ಮಡಿಕೇರಿಯ ಪೇಟೆಬೀದಿಯ ಬದಿಯಲ್ಲಿರುವುದನ್ನು ನಾವು ಫುಟ್‌ಪಾತ್ ಎನ್ನುತ್ತೇವೆ. ಅಲ್ಲಿನ ಹಳ್ಳಿಗಾಡಿನಲ್ಲಿ ಆ ಮಾತಿಗೆ ಹೊಲದ ಕಾಲುದಾರಿ ಎಂದೇ ಅರ್ಥ. ನೀಲಿ ಬಾಣವಿದ್ದರೆ ಬ್ರೈಡಲ್‌ವೇ: ನಡೆಯುವವರಿಗೆ, ಕುದುರೆ ಸವಾರರಿಗೆ ಮತ್ತು 1968ರ ಕಾಯ್ದೆಯಿಂದೀಚೆಗೆ ಸೈಕಲ್‌ನವರಿಗೆ. ಇದನ್ನು ಮದುಮಗಳ ದಾರಿ ಎಂದು ಓದುಗರೊಬ್ಬರು ಅನುವಾದಿಸಿ ಕಳುಹಿಸಿದ್ದಾರೆ. ಸೊಗಸಾಗಿದೆ, ಆದರೆ ಇಲ್ಲಿನ ‘ಬ್ರೈಡಲ್’ ಮದುವೆಯದಲ್ಲ, ಕುದುರೆಯ ಲಗಾಮು. ನೇರಳೆ ಬಾಣದ ದಾರಿಯಲ್ಲಿ ಇವರೆಲ್ಲರ ಜೊತೆಗೆ ಕುದುರೆಗಾಡಿಯೂ ಹೋಗಬಹುದು. ಕೆಂಪು ಬಾಣದ್ದು ಬೈವೇ, ಅಲ್ಲಿ ಜೀಪು ಮೋಟಾರುಬೈಕುಗಳಿಗೂ ಅವಕಾಶವಿದೆ. ಒಟ್ಟಿನಲ್ಲಿ ಹಳದಿಯೊಂದನ್ನು ಬಿಟ್ಟು ಉಳಿದ ಮೂರು ಬಣ್ಣಗಳು ನಿಮ್ಮ ಮಗನಿಗೆ ಮುಕ್ತ. ಆದರೆ ಇಂಥ ದಾರಿಗಳ ಬಹುಪಾಲು ಹಳದಿಯೇ. ಸೈಕಲ್‌ಗೆ ಸಿಗುವುದು ಐದರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

1968ರ ಆ ಕಾಯ್ದೆಯಲ್ಲಿ ಎರಡು ಷರತ್ತುಗಳಿವೆ. ಒಂದು, ಬ್ರೈಡಲ್‌ವೇಯಲ್ಲಿ ಸೈಕಲ್‌ನವನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಇನ್ನೊಂದು, ಸೈಕಲ್‌ಗೆ ಅನುಕೂಲವಾಗುವಂತೆ ದಾರಿಯನ್ನು ದುರಸ್ತಿಯಲ್ಲಿಡುವ ಹೊಣೆ ಯಾರ ಮೇಲೂ ಇಲ್ಲ. ಕುದುರೆಗಳ ಗೊರಸಿನಿಂದ ಕೊಚ್ಚೆಯಾಗಿದ್ದರೆ ಇಳಿದು ತಳ್ಳಬೇಕು, ದೂರು ಕೊಡುವಂತಿಲ್ಲ. ನಾನೊಮ್ಮೆ ನಕ್ಷೆ ನೋಡುವ ಸೋಮಾರಿತನದಿಂದ ಹಳದಿ ಬಾಣದ ದಾರಿಯಲ್ಲಿ ಒಂದು ಮೈಲಿ ಹೋಗಿದ್ದೆ. ಕುರಿಗಳಿಗೆ ಮೇವು ಹಾಕುತ್ತಿದ್ದ ಹಿರಿಯನೊಬ್ಬ ಬೈಯಲಿಲ್ಲ, ಕೂಗಾಡಲಿಲ್ಲ. ಕೋಲಿನಿಂದ ಕಂಬದ ಬಿಲ್ಲೆಯನ್ನು ಮೆಲ್ಲಗೆ ಎರಡು ಸಲ ತಟ್ಟಿ ತೋರಿಸಿ, ಮತ್ತೆ ತನ್ನ ಕೆಲಸಕ್ಕೆ ಬಾಗಿದ. ಫುಟ್‌ಪಾತ್ ಮೇಲೆ ಸೈಕಲ್ ತುಳಿಯುವುದು ಸಾಮಾನ್ಯವಾಗಿ ಪೊಲೀಸ್ ಕೇಸಲ್ಲ, ಭೂಮಾಲೀಕನ ವಿರುದ್ಧದ ಸಿವಿಲ್ ತಪ್ಪು. ಆದರೂ ಆ ಒಂದು ಮೈಲಿಯನ್ನು ಸೈಕಲ್ ತಳ್ಳಿಕೊಂಡೇ ಹಿಂದಿರುಗಿದೆ. ಗೇಟಿನ ವಿಷಯದಲ್ಲಿ ನಿಯಮ ಒಂದೇ: ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಬೇಕು, ತೆರೆದಿಟ್ಟಿದ್ದನ್ನು ತೆರೆದೇ ಬಿಡಬೇಕು, ಏಕೆಂದರೆ ತೆರೆದಿಟ್ಟ ಗೇಟಿನಾಚೆ ದನಕುರಿಗಳ ನೀರಿನ ತೊಟ್ಟಿ ಇರಬಹುದು.

ಪ್ರಶ್ನೆ: ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರಿನಲ್ಲಿ ಓದಲು ವಿಂಚೆಸ್ಟರಿಗೆ ಹೊರಟಿದ್ದೇನೆ. ಅಲ್ಲಿ ಒಂದು ಹಳೆಯ ಗ್ರಾವೆಲ್ ಸೈಕಲ್ ಕೊಳ್ಳುವ ಯೋಚನೆಯಿದೆ. ಊರಿನಿಂದಲೇ ಹೊರಟು ಊರಿಗೇ ಮರಳುವ ದಾರಿಗಳು ಯಾವುವು?
ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಮೊದಲು ಪುಸ್ತಕದಂಗಡಿಯಿಂದ ಆರ್ಡ್‌ನನ್ಸ್ ಸರ್ವೇ ಸಂಸ್ಥೆಯ ಎಕ್ಸ್‌ಪ್ಲೋರರ್ ಸರಣಿಯ ನಕ್ಷೆಯೊಂದನ್ನು ಕೊಳ್ಳಿ. ನೆಲದ ಒಂದು ಕಿಲೋಮೀಟರನ್ನು ನಾಲ್ಕು ಸೆಂಟಿಮೀಟರಿಗೆ ಇಳಿಸಿದ ನಕ್ಷೆ ಅದು. ಹಸಿರು ಚುಕ್ಕೆಗೆರೆಗಳಲ್ಲಿ ಗಿಡ್ಡ ತುಂಡುಗಳದು ಫುಟ್‌ಪಾತ್, ಉದ್ದ ತುಂಡುಗಳದು ಬ್ರೈಡಲ್‌ವೇ. ಫೋನಿನ ಆ್ಯಪ್ ತೋರಿಸುವ ದಾರಿಗಳನ್ನೂ ಒಮ್ಮೆ ಈ ನಕ್ಷೆಯೊಡನೆ ಹೋಲಿಸಿ ನೋಡಿಯೇ ಹೊರಡುವುದು ಲೇಸು.

ಊರಿನ ಪೂರ್ವಕ್ಕೆ, ಇಚೆನ್ ನದಿಯ ಮೇಲಿರುವ ಹಳೆಯ ಸಿಟಿ ಮಿಲ್ ಬಳಿಯಿಂದ, ಸೌತ್ ಡೌನ್ಸ್ ವೇ ಶುರುವಾಗುತ್ತದೆ. ಸಮುದ್ರದಂಡೆಯ ಈಸ್ಟ್‌ಬೋರ್ನ್‌ವರೆಗೆ 160 ಕಿ.ಮೀ. ಉದ್ದದ ಈ ದಾರಿಯನ್ನು ಆದಿಯಿಂದ ಅಂತ್ಯದವರೆಗೆ ಸೈಕಲ್‌ನಲ್ಲೇ ಸಾಗಬಹುದು. ಹೊಸಬರಿಗೆ ಅದರ ಮೊದಲ ತುಂಡು, ಎಕ್ಸ್‌ಟನ್ ಹಳ್ಳಿಯವರೆಗಿನ ಸುಮಾರು 19 ಕಿ.ಮೀ. ಸಾಕು. ಎಂ3 ಹೆದ್ದಾರಿಯನ್ನು ಸೇತುವೆಯ ಮೇಲೆ ದಾಟಿ, ಚಿಲ್ಕಮ್ ಎಂಬ ಪುಟ್ಟ ಹಳ್ಳಿಯನ್ನು ಹಾದು ಚೀಸ್‌ಫುಟ್ ಹೆಡ್ ಏರಿದಾಗ ಹಿಂದಿರುಗಿ ನೋಡಿದರೆ ಊರು ಬಟ್ಟಲಿನ ತಳದಲ್ಲಿ ಕಾಣುತ್ತದೆ. ಎಕ್ಸ್‌ಟನ್ನಿನಿಂದ ಮುಂದೆ ಓಲ್ಡ್ ವಿಂಚೆಸ್ಟರ್ ಹಿಲ್ ಮೇಲೆ ಕಬ್ಬಿಣಯುಗದ ಕೋಟೆಯ ಮಣ್ಣುದಿಬ್ಬಗಳಿವೆ. ಆ ಭಾಗದಲ್ಲಿ ನಡೆಯುವವರ ದಾರಿ ಬೇರೆ, ಸೈಕಲ್ ಮತ್ತು ಕುದುರೆಯವರ ದಾರಿ ಬೇರೆ, ಆದ್ದರಿಂದ ನೀಲಿ ಬಾಣದ ಮೇಲೆ ಕಣ್ಣಿಡಿ. ಇನ್ನೂ ಕಾಲಿನಲ್ಲಿ ಕಸುವಿದ್ದರೆ 270 ಮೀಟರ್ ಎತ್ತರದ ಬಟ್ಸರ್ ಹಿಲ್. ಕೊಡಗಿನ ಅತಿ ಎತ್ತರದ ಬೆಟ್ಟವಾದ ತಡಿಯಂಡಮೋಳನ್ನು ಕಂಡವರು ಈ ಅಂಕಿಯನ್ನು ಕೇಳಿ ನಗಬಾರದು: ಏರಿಳಿತ ಮುಗಿಯುವುದೇ ಇಲ್ಲ, ಒಂದು ಗುಡ್ಡ ಇಳಿದೊಡನೆ ಇನ್ನೊಂದು ಕಾದಿರುತ್ತದೆ, ಗಾಳಿಗೆ ಅಡ್ಡವಾಗಿ ಒಂದು ಮರವೂ ಇರುವುದಿಲ್ಲ. ಬಟ್ಸರ್ ಕೆಳಗಿನ ಪೀಟರ್ಸ್‌ಫೀಲ್ಡಿನಲ್ಲಿ ರೈಲು ನಿಲ್ದಾಣವಿದೆ, ಆದರೆ ವಿಂಚೆಸ್ಟರಿಗೆ ನೇರ ರೈಲಿಲ್ಲ. ಸೈಕಲ್ ಹಿಡಿದು ಗಾಡಿ ಬದಲಿಸುವ ತಾಪತ್ರಯವನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ.

ಪಶ್ಚಿಮದ ದಾರಿ ನನಗೆ ಹೆಚ್ಚು ಪ್ರಿಯ. ವಿಂಚೆಸ್ಟರಿನಿಂದ ಸಾಲಿಸ್‌ಬರಿಯ ಕಡೆಗೆ ರೋಮನ್ನರು ಹಾಕಿದ ರಸ್ತೆಯ ಜಾಡು ಫಾರ್ಲಿ ಮೌಂಟ್ ಎಂಬ ಗುಡ್ಡದ ಬಳಿ ಹಾಯುತ್ತದೆ. ಗುಡ್ಡದ ನೆತ್ತಿಯಲ್ಲಿ ಬಿಳಿಯ ಚೂಪುಗೋಪುರವೊಂದಿದ್ದು, ಅದರಡಿ ಹೂಳಿರುವುದು ಯಾವ ರಾಜನನ್ನೂ ಅಲ್ಲ, ಒಂದು ಕುದುರೆಯನ್ನು. 1733ರಲ್ಲಿ ನರಿಬೇಟೆಯ ಓಟದಲ್ಲಿ ಆ ಕುದುರೆ ಸವಾರನ ಸಮೇತ 25 ಅಡಿ ಆಳದ ಸುಣ್ಣದ ಗುಂಡಿಗೆ ಹಾರಿಬಿದ್ದೂ ಇಬ್ಬರೂ ಬದುಕುಳಿದರಂತೆ. ಮರುವರ್ಷ ಅದು ಪಂದ್ಯವೊಂದರಲ್ಲಿ ‘ಸುಣ್ಣದ ಗುಂಡಿ, ಜೋಕೆ’ ಎಂಬರ್ಥದ ಹೆಸರಿನಲ್ಲಿ ಓಡಿ ಗೆದ್ದಿತು. ಮಳೆ ಬಂದ ಮರುದಿನ ಅಲ್ಲಿಗೆ ಹೋಗುವ ಪ್ರತಿಯೊಬ್ಬ ಸೈಕಲ್‌ನವನಿಗೂ ಆ ಹೆಸರನ್ನು ಓದಿ ಹೇಳಬೇಕು. ಆ ಬೆಟ್ಟಗಳೆಲ್ಲ ಸೀಮೆಸುಣ್ಣದವು. ಒಣಗಿದಾಗ ದಾರಿ ಬೆಳ್ಳಗೆ, ಗಟ್ಟಿಯಾಗಿ, ಸಿಮೆಂಟಿನಂತೆ ಇರುತ್ತದೆ. ಒದ್ದೆಯಾದಾಗ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಪಾಚಿ ಹಿಡಿದ ಅಂಗಳದಂತೆ, ಬ್ರೇಕ್ ಹಿಡಿದರೆ ಚಕ್ರ ನಿಂತೂ ಸೈಕಲ್ ನಿಲ್ಲುವುದಿಲ್ಲ. ಸುಣ್ಣದೊಳಗಿಂದ ಎದ್ದುಬರುವ ಚಕಮಕಿ ಕಲ್ಲಿನ ಚೂರುಗಳದು ಇನ್ನೊಂದು ಕಾಟ. ಒಡೆದ ಬಾಟಲಿಯ ಅಂಚಿನಂತಿರುವ ಅಂಥದೊಂದು ಚೂರನ್ನು, ನನ್ನ ಹಿಂದಿನ ಟೈರನ್ನು ಉಗುರಿನುದ್ದ ಸೀಳಿದ್ದನ್ನು, ಇಂದಿಗೂ ಮೇಜಿನ ಮೇಲೆ ಕಾಗದದ ಭಾರವಾಗಿ ಇಟ್ಟುಕೊಂಡಿದ್ದೇನೆ.

ಕಿಂಗ್ ಆಲ್ಫ್ರೆಡ್ಸ್ ವೇ ಹೆಸರನ್ನೂ ನೀವು ಕೇಳಿರಬಹುದು. ಸೈಕ್ಲಿಂಗ್ ಯುಕೆ ಸಂಸ್ಥೆ 2020ರಲ್ಲಿ ರೂಪಿಸಿದ 350 ಕಿ.ಮೀ. ಸುತ್ತು ಇದು, ವಿಂಚೆಸ್ಟರಿನಲ್ಲಿ ಕತ್ತಿಯೆತ್ತಿ ನಿಂತ ಆಲ್ಫ್ರೆಡ್ ದೊರೆಯ ಪ್ರತಿಮೆಯಿಂದ ಹೊರಟು, ಸ್ಟೋನ್‌ಹೆಂಜ್, ಏವ್‌ಬರಿ, ರೆಡಿಂಗ್, ಫಾರ್ನಮ್ ಊರುಗಳ ಸುತ್ತ ಹಾದು ಮತ್ತೆ ಅಲ್ಲಿಗೇ ಬರುತ್ತದೆ. ಮೊದಲ ವರ್ಷ ಅದರ ಗೊಡವೆ ಬೇಡ. ನೀವು ಹೋಗುವುದೇ ಹಗಲು ಕುಗ್ಗುವ ಕಾಲಕ್ಕೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಮಧ್ಯಾಹ್ನದ ಊಟ ಮುಗಿಸಿ ಹೊರಡೋಣವೆಂಬ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಜೂನ್‌ನಲ್ಲಿ ಅದೇ ಸೂರ್ಯ ರಾತ್ರಿ ಒಂಬತ್ತು ದಾಟಿದ ಮೇಲೆಯೇ ಇಳಿಯುತ್ತಾನೆ, ಅಷ್ಟರವರೆಗೆ ತಾಳ್ಮೆಯಿರಲಿ.

ಪ್ರಶ್ನೆ: ಗ್ರಾವೆಲ್ ಎಂದರೆ ಜಲ್ಲಿಯಲ್ಲವೆ? ಜಲ್ಲಿಯ ಮೇಲೆ ಓಡಿಸಲು ಲಕ್ಷ ರೂಪಾಯಿಯ ಸೈಕಲ್ ಏಕೆ?
ಓದುಗರು, ಸೋಮವಾರಪೇಟೆ

ಉತ್ತರ: ಲಕ್ಷ ಬೇಕಿಲ್ಲ. ರೇಸ್ ಸೈಕಲ್‌ನಂತೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, ಹತ್ತಲು ನೆರವಾಗುವ ಹಗುರವಾದ ಗೇರು, 40 ಮಿ.ಮೀ. ಆಸುಪಾಸಿನ ಟೈರಿಗೆ ಜಾಗವಿರುವ ಚೌಕಟ್ಟು, ಇಷ್ಟಿದ್ದರೆ ಅದು ಗ್ರಾವೆಲ್ ಸೈಕಲ್. ಹೊಸದಾಗಿ ಸುರಿದ ಜಲ್ಲಿಯ ಮೇಲೆ ಯಾವ ಸೈಕಲ್ಲೂ ಚೆನ್ನಾಗಿ ಓಡುವುದಿಲ್ಲ. ತುಳಿದು ಗಟ್ಟಿಯಾದ ಮಣ್ಣುರಸ್ತೆಯೇ ಇದರ ತವರು. ಹಣಕ್ಕಿಂತ ಗಾಳಿಯ ಲೆಕ್ಕ ಮುಖ್ಯ. ಪೇಟೆಯ ಅಂಗಡಿಯಲ್ಲಿ ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಹೋಗಿ, ಸೈಕಲ್ ಕುಣಿಯುತ್ತದೆ ಎಂದು ದೂರುವವರು ಬಹಳ. 70 ಕಿಲೋ ತೂಗುವವರು ಟ್ಯೂಬ್‌ಲೆಸ್ ಆದ 40 ಮಿ.ಮೀ. ಟೈರಿಗೆ ಗಾಳಿಯ ಒತ್ತಡವನ್ನು 30ರಿಂದ 35 ಪಿಎಸ್‌ಐನಿಂದ ಶುರುಮಾಡಲಿ, ಟ್ಯೂಬ್ ಇದ್ದರೆ ಇನ್ನೈದು ಹೆಚ್ಚಿಸಲಿ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಏಪ್ರಿಲಿನಲ್ಲಿ ವಿಂಚೆಸ್ಟರಿಗೆ ಹೋಗುತ್ತಿದ್ದೇನೆ, ಐದು ತಿಂಗಳು ಇರುತ್ತೇನೆ. ನನಗೆ 56 ವರ್ಷ. ಹುಡುಗಿಯಾಗಿದ್ದಾಗ ಶಾಲೆಗೆ ಸೈಕಲ್‌ನಲ್ಲೇ ಹೋಗುತ್ತಿದ್ದೆ. ಅಳಿಯನ ಗ್ರಾವೆಲ್ ಸೈಕಲ್ ಮನೆಯಲ್ಲಿ ಸುಮ್ಮನೆ ನಿಂತಿದೆಯಂತೆ. ಈ ವಯಸ್ಸಿನಲ್ಲಿ ಆಸೆಪಡಬಹುದೆ?
ಗೃಹಿಣಿ, ಮಡಿಕೇರಿ

ಉತ್ತರ: ಧಾರಾಳವಾಗಿ ಆಸೆಪಡಿ, ಅಮ್ಮ. ಆದರೆ ಸೀಟನ್ನು ಮೊದಲು ನಿಮ್ಮ ಎತ್ತರಕ್ಕೆ ಇಳಿಸಿಕೊಡಲು ಅಳಿಯನಿಗೆ ಹೇಳಿ, ಬಾಗಿದ ಹ್ಯಾಂಡಲ್‌ನಲ್ಲಿ ಬ್ರೇಕ್ ಹಿಡಿಯುವುದನ್ನು ಮನೆಯ ಮುಂದೆ ಎರಡು ದಿನ ರೂಢಿಸಿಕೊಳ್ಳಿ. ಚೌಕಟ್ಟೇ ದೊಡ್ಡದಾದರೆ ಬಾಡಿಗೆಗೆ ಬೇರೆ ಸೈಕಲ್ ನೋಡುವುದು ಉತ್ತಮ. ಬೆಟ್ಟದ ದಾರಿಗಳನ್ನು ಬಿಟ್ಟುಬಿಡಿ. ಊರಿನ ದಕ್ಷಿಣಕ್ಕೆ ಹಾಕ್ಲಿ ವಯಡಕ್ಟ್ ಎಂಬ ಹಳೆಯ ರೈಲು ಸೇತುವೆಯಿದೆ. ರೈಲು ನಿಂತು ದಶಕಗಳ ಕಾಲ ಪಾಳುಬಿದ್ದಿದ್ದ ಅದನ್ನು 2013ರಲ್ಲಿ ನಡೆಯುವವರಿಗೂ ಸೈಕಲ್‌ಗೂ ತೆರೆದರು. ಕಮಾನುಗಳ ಸಾಲಿನ ಮೇಲೆ, ಇಚೆನ್ ನದಿಯ ಹುಲ್ಲುಗಾವಲನ್ನು ಕೆಳಗೆ ನೋಡುತ್ತ, ಏರು ಎಂಬುದೇ ಇಲ್ಲದೆ ಹೋಗಿಬರಬಹುದು. ಮಗು ನಿದ್ದೆ ಮಾಡುವ ಹೊತ್ತಿನೊಳಗೆ ಮುಗಿಯುವ ಸವಾರಿ ಅದು.

ಮೊಮ್ಮಗುವಿಗೆ ಮೂರು ತಿಂಗಳಾಗಿ ನಿಮಗೊಂದು ಇಡೀ ದಿನ ಬಿಡುವು ಸಿಕ್ಕರೆ, ಸೈಕಲನ್ನು ಕಾರಿಗೆ ಕಟ್ಟಿಸಿಕೊಂಡು ಮಿಯಾನ್ ಕಣಿವೆಗೆ ಹೋಗಿ. 1903ರಲ್ಲಿ ತೆರೆದು 1955ರಲ್ಲಿ ಪ್ರಯಾಣಿಕರಿಗೆ ಮುಚ್ಚಿದ ರೈಲುಮಾರ್ಗವೊಂದರ ಹಾಸು ಈಗ ವೆಸ್ಟ್ ಮಿಯಾನ್‌ನಿಂದ ವಿಕಮ್‌ವರೆಗೆ ಸುಮಾರು 16 ಕಿ.ಮೀ. ಮರಗಳ ನೆರಳಿನ ಹಾದಿಯಾಗಿದೆ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರು ಇದ್ದರೂ ಗೊತ್ತಾಗದಷ್ಟು ಸೌಮ್ಯ. ನಡುವೆ ಬರುವ ಡ್ರಾಕ್ಸ್‌ಫರ್ಡ್ ಎಂಬ ಸಣ್ಣ ನಿಲ್ದಾಣದಲ್ಲಿಯೇ, 1944ರ ಜೂನ್ ಮೊದಲ ವಾರ, ನಾರ್ಮಂಡಿ ದಾಳಿಯ ಮುನ್ನಾದಿನಗಳಲ್ಲಿ, ಪ್ರಧಾನಿ ಚರ್ಚಿಲ್ ತಮ್ಮ ವಿಶೇಷ ರೈಲನ್ನು ನಿಲ್ಲಿಸಿಕೊಂಡಿದ್ದರು. ಮನೆಮನೆಯಲ್ಲೂ ಸೇನೆಯ ಕಥೆಗಳಿರುವ ಕೊಡಗಿನವರಿಗೆ ಈ ಮಾತು ಹೇಳದೆ ಬಿಡಲಾಗಲಿಲ್ಲ. ಈ ಹಾದಿಯಲ್ಲಿ ಕುದುರೆಗಳು ಎದುರಾಗುತ್ತವೆ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್‌ಗೆ ಕುದುರೆ ಬೆದರುತ್ತದೆ, ಆದ್ದರಿಂದ ದೂರದಿಂದಲೇ ಮಾತಾಡಿ. ಯಾವ ಭಾಷೆಯಾದರೂ ಆದೀತು, ಮನುಷ್ಯರ ದನಿ ಕೇಳಿದರೆ ಅದಕ್ಕೆ ಸಾಕು. ಸವಾರರು ಕೈಸನ್ನೆ ಮಾಡಿದ ಮೇಲೆ, ಅಗಲವಾಗಿ ಸುತ್ತುಹಾಕಿ, ನಿಧಾನಕ್ಕೆ ದಾಟಿ.

ಪ್ರಶ್ನೆ: ಇಂಗ್ಲೆಂಡಿನ ದಾರಿಗಳ ಬಗ್ಗೆ ಇಷ್ಟು ಬರೆಯುತ್ತೀರಿ. ನಮ್ಮ ಕೊಡಗಿನಲ್ಲಿ ಅದಕ್ಕಿಂತ ಚೆಲುವಾದ ಮಣ್ಣುದಾರಿಗಳಿಲ್ಲವೆ? ಇಲ್ಲಿಯೂ ಗ್ರಾವೆಲ್ ಸೈಕಲ್ ಓಡಿಸಬಹುದಲ್ಲ?
ಯುವಕ, ಕುಶಾಲನಗರ

ಉತ್ತರ: ಚೆಲುವಿನ ಮಾತಿಗೆ ನನ್ನ ತಕರಾರಿಲ್ಲ. ವಿಂಚೆಸ್ಟರ್ ಇರುವ ಕೌಂಟಿಯಾದ ಹ್ಯಾಂಪ್‌ಶೈರ್‌ನ ಸೆಲ್‌ಬರ್ನ್ ಕಡೆ, ಶತಮಾನಗಳ ಕಾಲ ಗೊರಸು ಮತ್ತು ಗಾಡಿಚಕ್ರಗಳು ಸವೆಸಿ ಆಳುದ್ದಕ್ಕಿಂತ ಕೆಳಗಿಳಿದ ದಾರಿಗಳಿವೆ. ಎರಡೂ ಬದಿಯ ಮಣ್ಣುಗೋಡೆಯಿಂದ ಬೇರುಗಳು ಹೊರಚಾಚಿರುವ ಅಂಥ ಒಂದು ದಾರಿಯಲ್ಲಿ ಇಳಿಯುವಾಗ, ಐನ್‌ಮನೆಗೆ, ಅಂದರೆ ಕೊಡವರ ಕುಟುಂಬದ ಹಿರಿಯರ ಮನೆಗೆ, ಹೋಗುವ ಓಣಿಯೊಂದನ್ನು ಯಾರೋ ಇಲ್ಲಿಗೆ ತಂದಿಟ್ಟಿದ್ದಾರೆ ಎನ್ನಿಸಿತ್ತು. ಆದರೆ ಅಲ್ಲಿನ ಕಂಬಗಳಲ್ಲಿರುವ ಬಾಣ ಇಲ್ಲಿಲ್ಲ. ನಮ್ಮ ಗ್ರಾಮ ನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿಗಳ ಗೆರೆಗಳಿರುವುದು ನಿಜ; ಆದರೆ ತೋಟದೊಳಗೆ ಹೋಗುವ ಹೆಚ್ಚಿನ ರಸ್ತೆಗಳು ತೋಟದವರು ಜೀಪು, ಟ್ರ್ಯಾಕ್ಟರ್ ಓಡಾಡಲೆಂದು ತಮ್ಮ ಖರ್ಚಿನಲ್ಲಿ ಮಾಡಿಕೊಂಡವು. ಅಲ್ಲಿ ನಿಮಗಿರುವುದು ಹಕ್ಕಲ್ಲ, ಕೇಳಿ ಪಡೆದ ಒಪ್ಪಿಗೆ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರನ್ನು ಹಿಂದಿನ ದಿನವೇ ಕಂಡು, ಯಾವ ಮನೆಯವರು, ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂದು ಹೇಳಿದರೆ, ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಕಡೆ ಗೇಟು ತೆರೆಯುತ್ತದೆ, ಒಂದೆರಡು ಕಡೆ ಕಾಫಿಯೂ ಸಿಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಕೇಳಲೂ ಹೋಗಬೇಡಿ. ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ಹರಡಿರುತ್ತದೆ, ಕಳ್ಳರ ಭಯದಿಂದ ಅಪರಿಚಿತರನ್ನು ಕಂಡರೆ ಎಲ್ಲರ ಕಣ್ಣೂ ಚೂಪಾಗಿರುತ್ತದೆ. ರೊಬಸ್ಟಾ ಹೂವಿಗೆ ನೀರು ಹಾಯಿಸುವ ದಿನಗಳಲ್ಲಿ ಸ್ಪ್ರಿಂಕ್ಲರ್ ಪೈಪುಗಳು ರಸ್ತೆಗೆ ಅಡ್ಡಲಾಗಿ ಮಲಗಿರುತ್ತವೆ. ಅವುಗಳ ಮೇಲೆ ಹತ್ತಿಸದೆ ಸೈಕಲನ್ನು ಎತ್ತಿ ದಾಟಿಸಿ.

ಕಾಡಿನ ಮಾತು ಬೇರೆ. ಮೀಸಲು ಅರಣ್ಯಕ್ಕೂ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿಗೂ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ, ಸೈಕಲ್ ಇರಲಿ ಇಲ್ಲದಿರಲಿ. ಮಾಂದಲಪಟ್ಟಿಯ ದಾರಿಯನ್ನು ಹಲವರು ಕೇಳುತ್ತಾರೆ. ಪ್ರವಾಸಿ ಜೀಪುಗಳ ಹಿಂದೆ ಧೂಳು ಕುಡಿಯುತ್ತ ಹತ್ತುವುದರಲ್ಲಿ ನನಗೆ ಸುಖ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಗಾಳಿಬೀಡು, ಮಕ್ಕಂದೂರು ಕಡೆಯ ಕಡಿದ ಬರೆಗಳ (ಗುಡ್ಡದ ಮಣ್ಣುಗೋಡೆಗಳ) ಕೆಳಗೆ ಹೋಗಲೇಬೇಡಿ. 2018ರ ಆಗಸ್ಟಿನಲ್ಲಿ ಆ ಬೆಟ್ಟಗಳು ಹೇಗೆ ಜಾರಿದವೆಂದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕುಶಾಲನಗರದವರಾದ ನಿಮಗೆ ಒಂದು ಅನುಕೂಲವಿದೆ. ಹೊಳೆ ದಾಟಿದರೆ ಬೈಲಕುಪ್ಪೆ. ಟಿಬೆಟನ್ ಕ್ಯಾಂಪುಗಳ ನಡುವಿನ ಮುಸುಕಿನ ಜೋಳದ ಹೊಲಗಳ ಪಕ್ಕ ಹೆಚ್ಚು ಏರಿಳಿತವಿಲ್ಲದ ಮಣ್ಣುರಸ್ತೆಗಳು ಉದ್ದಕ್ಕೂ ಇವೆ, ಮಳೆಯೂ ಮಡಿಕೇರಿಗಿಂತ ಎಷ್ಟೋ ಕಡಿಮೆ. ಈಚೆ ದಡದಲ್ಲಿ ಹಾರಂಗಿ ನಾಲೆಯ ಏರಿಯ ಮೇಲಿನ ರಸ್ತೆಯನ್ನೂ ನೋಡಬಹುದು, ಕಾವಲಿನವರು ಬಿಟ್ಟರೆ. ಉತ್ತರಕ್ಕೆ ಶನಿವಾರಸಂತೆ, ಕೊಡ್ಲಿಪೇಟೆಯ ಊರೂರಿನ ನಡುವಿನ ರಸ್ತೆಗಳೂ ನವೆಂಬರಿನ ಮೇಲೆ ಚೆನ್ನ. ಆನೆಕಾಡು, ದುಬಾರೆ, ಸಿದ್ದಾಪುರದ ಕಡೆ ಮಾತ್ರ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ಮೇಲೆ ಸೈಕಲ್ ಬೇಡ. ಸಿದ್ದಾಪುರದ ಬಳಿ ತೋಟದ ತಿರುವೊಂದರಲ್ಲಿ ನಾನೊಮ್ಮೆ ಬ್ರೇಕ್ ಹಾಕಿ ನಿಂತಾಗ ರಸ್ತೆಯ ನಡುವಿದ್ದ ಆನೆಯ ಲದ್ದಿಯಿಂದ ಇನ್ನೂ ಆವಿ ಏಳುತ್ತಿತ್ತು, ಪಕ್ಕದ ಹಲಸಿನ ಮರದ ಸಿಪ್ಪೆಗಳು ಹಸಿಯಾಗಿ ಬಿದ್ದಿದ್ದವು. ಸೈಕಲ್‌ಗೆ ಸದ್ದಿಲ್ಲದಿರುವುದು ಕುದುರೆಗೆ ಹೇಗೋ ಆನೆಗೂ ಹಾಗೆಯೇ, ಆದರೆ ಅದರ ಪರಿಣಾಮ ಹಾಗೆಯೇ ಅಲ್ಲ. ಅರಣ್ಯ ಇಲಾಖೆಯವರು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಆನೆಗಳ ಜಾಡು ಕಳುಹಿಸುವ ಕಡೆ ಅದನ್ನು ನೋಡಿಕೊಳ್ಳಿ. ಇಲ್ಲದ ಕಡೆ, ಹೊರಡುವ ಮುನ್ನ, ಬೆಳಗಿನ ಹಾಲು ತರುವವರನ್ನು ರಾತ್ರಿ ಯಾವ ಬದಿಯಲ್ಲಿ ಸದ್ದಾಗಿತ್ತೆಂದು ಕೇಳಿ, ಆ ಬದಿಯನ್ನು ಅಂದಿಗೆ ಬಿಟ್ಟುಬಿಡಿ.